ರಣರಂಗಕ್ಕೆ ಹಾಡು ಕಳಿಸಿದ್ದೇಕೆ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಎಲ್ಲಕ್ಕೂ ತತ್ವಾರವಿದ್ದಾಗ ಸರ್ಕಾರಗಳು ರೇಡಿಯೊದ ಹಾಡು, ಹಾಸ್ಯಕ್ಕೆ ಅಷ್ಟೊಂದು ಮಹತ್ವ ಕೊಟ್ಟದ್ದೇಕೆ?

ಉತ್ತರ: ಸೈನಿಕರ ಮೇಲಿನ ಮಮತೆಯಿಂದ ಎಂದರೆ ಅರ್ಧ ಸತ್ಯ. ಉಳಿದರ್ಧ ಭಯ. ರೇಡಿಯೊದ ಗುಂಡಿ ತಿರುಗಿಸುವ ಕೈ ಕೇಳುಗನದು. ಇಲ್ಲಿ ಬೇಸರವಾದರೆ ಅವನು ಶತ್ರುವಿನ ಕೇಂದ್ರಕ್ಕೆ ಹೋಗುತ್ತಾನೆ.

ಬ್ರಿಟನ್ನಿನಲ್ಲಿ ಆದದ್ದೂ ಅದೇ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದೊಡನೆ ಬಿಬಿಸಿ ತನ್ನ ಬೇರೆ ಬೇರೆ ಪ್ರಸಾರಗಳನ್ನು ಮಡಚಿ 'ಹೋಮ್ ಸರ್ವಿಸ್' ಒಂದನ್ನೇ ಉಳಿಸಿಕೊಂಡಿತು. ಸುದ್ದಿ, ಸರ್ಕಾರಿ ಸೂಚನೆ, ಆರ್ಗನ್ ವಾದನ. ಮತ್ತೆ ಸೂಚನೆ, ಮತ್ತೆ ಆರ್ಗನ್. ಬೇಸತ್ತವರ ಕಿವಿ ಹ್ಯಾಂಬರ್ಗಿನ ಕಡೆ ವಾಲಿತು. 'ಲಾರ್ಡ್ ಹಾ-ಹಾ' ಎಂದೇ ಹೆಸರಾದ ವಿಲಿಯಂ ಜಾಯ್ಸ್ ಜರ್ಮನಿಯಿಂದ ಇಂಗ್ಲಿಷಿನಲ್ಲೇ ಬ್ರಿಟಿಷರನ್ನು ಮೂದಲಿಸುತ್ತಿದ್ದ. ಇತ್ತ ಫ್ರಾನ್ಸಿನಲ್ಲಿ ಬೀಡುಬಿಟ್ಟ ಬ್ರಿಟಿಷ್ ಪಡೆಗೆ ಆ ಚಳಿಗಾಲ ಕಾದಾಟಕ್ಕಿಂತ ಕಾಯುವುದೇ ಕೆಲಸವಾಗಿತ್ತು. 1940ರ ಜನವರಿಯಲ್ಲಿ ಅವರಿಗೆಂದೇ 'ಫೋರ್ಸಸ್ ಪ್ರೋಗ್ರಾಂ' ಆರಂಭವಾಯಿತು. ಗುಂಪಿನಲ್ಲಿ, ಗದ್ದಲದ ನಡುವೆ ಕೇಳುವವರಿಗೆ ಉದ್ದುದ್ದ ಭಾಷಣ ಒಗ್ಗದು. ಹಾಗಾಗಿ ನೃತ್ಯಸಂಗೀತ, ನಗೆ, ಕ್ರೀಡೆ. ತಮಾಷೆಯೆಂದರೆ, ಊರಲ್ಲಿದ್ದವರೂ ತಮಗಾಗಿ ಇದ್ದ ವಾಹಿನಿಯನ್ನು ಬಿಟ್ಟು ಸೈನಿಕರದ್ದಕ್ಕೇ ಅಂಟಿಕೊಂಡರು.

ಕಾರ್ಖಾನೆಗಳ ಲೆಕ್ಕಾಚಾರ ಬೇರೆ. 1940ರ ಜೂನ್‌ನಲ್ಲಿ ಶುರುವಾದ 'ಮ್ಯೂಸಿಕ್ ವೈಲ್ ಯು ವರ್ಕ್' ದಿನಕ್ಕೆ ಎರಡು ಬಾರಿ ಅರ್ಧ ಗಂಟೆ ಬರುತ್ತಿತ್ತು. ಯಂತ್ರಗಳ ಸದ್ದನ್ನು ಮೀರಿ ಕೇಳಿಸಬೇಕು, ಲಯ ಕುಂಟಬಾರದು, ತೂಕಡಿಕೆ ತರುವ ರಾಗ ಬೇಡ. ನಡುನಡುವೆ ಚಪ್ಪಾಳೆ ಬರುವ ಜನಪ್ರಿಯ ಹಾಡೊಂದನ್ನು ದೂರವಿಟ್ಟರು, ಕೆಲಸಗಾರರು ಕೈಯಲ್ಲಿದ್ದುದನ್ನು ಬಿಟ್ಟು ತಾಳ ಹಾಕಿಯಾರೆಂದು!

ಅಮೆರಿಕನ್ನರು ಸೈನಿಕನನ್ನೇ ಕೇಳಿಬಿಟ್ಟರು. 1942ರಲ್ಲಿ ಆರಂಭವಾದ 'ಕಮಾಂಡ್ ಪರ್ಫಾರ್ಮೆನ್ಸ್'ಗೆ ಸೈನಿಕರು ಬೇಕಾದದ್ದನ್ನು ಬರೆದು ತಿಳಿಸುತ್ತಿದ್ದರು, ದೊಡ್ಡ ದೊಡ್ಡ ತಾರೆಯರು ಸಂಭಾವನೆ ಇಲ್ಲದೆ ನಡೆಸಿಕೊಡುತ್ತಿದ್ದರು. ಹಾಡಷ್ಟೇ ಅಲ್ಲ, ಬಾಣಲೆಯಲ್ಲಿ ಮಾಂಸದ ತುಂಡು ಚುರುಗುಟ್ಟುವ ಸದ್ದು, ಚಿತ್ರನಟಿಯ ಒಂದು ನಿಟ್ಟುಸಿರು ಕೂಡ ಬೇಡಿಕೆಯ ಪಟ್ಟಿಯಲ್ಲಿದ್ದವು. ಡಬ್ಬಿಯ ಆಹಾರ ತಿಂದು ಬೇಸತ್ತವನಿಗೆ ಆ ಚುರುಗುಟ್ಟುವಿಕೆಗಿಂತ ಇಂಪಾದ ಸಂಗೀತ ಯಾವುದಿತ್ತು? ಕಾರ್ಯಕ್ರಮಗಳನ್ನು ಧ್ವನಿತಟ್ಟೆಗಳಲ್ಲಿ ಮುದ್ರಿಸಿ ದೂರದ ನೆಲೆಗಳಿಗೆ ಸಾಗಿಸುತ್ತಿದ್ದರು. ವಾಣಿಜ್ಯ ಕೇಂದ್ರಗಳಿಂದ ಪಡೆದ ಕಾರ್ಯಕ್ರಮಗಳಾದರೆ ಜಾಹೀರಾತನ್ನು ಕತ್ತರಿಸಿ ತೆಗೆಯುತ್ತಿದ್ದರು.

ಇನ್ನು, ಸೈನಿಕನ ಆಯ್ಕೆ ಅಧಿಕಾರಿಗಳಿಗೆ ಹಿಡಿಸಿತೇ? ಹಲವು ಬಾರಿ ಇಲ್ಲ. ಜರ್ಮನ್ ಗಾಯಕಿ ಲಾಲೆ ಆಂಡರ್ಸನ್ 1939ರಲ್ಲಿ ಹಾಡಿದ 'ಲಿಲಿ ಮಾರ್ಲೀನ್' ಮೊದಲು ಮಾರಾಟವಾದದ್ದೇ ಅಲ್ಪ. 1941ರಲ್ಲಿ ಜರ್ಮನ್ನರ ವಶವಾದ ಬೆಲ್‌ಗ್ರೇಡ್ ಕೇಂದ್ರ ಅದನ್ನು ಹಾಕತೊಡಗಿತು. ದೀಪದ ಕೆಳಗೆ ಕಾಯುವ ಹುಡುಗಿ, ಮರಳಿ ಬರುವನೋ ಇಲ್ಲವೋ ತಿಳಿಯದ ಸೈನಿಕ, ಇಷ್ಟೇ ಕಥೆ. ನಾಜಿ ಪ್ರಚಾರ ಮಂತ್ರಿ ಗೋಬೆಲ್ಸ್‌ಗೆ ಅದು ಸುತರಾಂ ಇಷ್ಟವಿರಲಿಲ್ಲ. ಸೈನಿಕರು ಕೇಳಬೇಕಲ್ಲ! ರಾತ್ರಿ ಹತ್ತಕ್ಕೆ ತುಸು ಮುನ್ನ ಅದು ಬರಲೇಬೇಕಿತ್ತು. ಕತ್ತಲಾದ ಮೇಲೆ ರೇಡಿಯೊದ ಮಧ್ಯಮ ತರಂಗಗಳು ವಾತಾವರಣದ ಮೇಲ್ಪದರಕ್ಕೆ ತಾಗಿ ಬಹುದೂರ ಬಂದು ಬೀಳುತ್ತವೆ. ಹಾಗಾಗಿ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಜರ್ಮನ್ನರ ಎದುರು ಬೀಡುಬಿಟ್ಟಿದ್ದ ಬ್ರಿಟಿಷ್ ಎಂಟನೇ ಸೇನೆಯೂ ಅದನ್ನು ಗುನುಗಿತು. ಕೊನೆಗೆ ಅದಕ್ಕೊಂದು ಇಂಗ್ಲಿಷ್ ರೂಪವನ್ನೇ ಮಾಡಿಕೊಳ್ಳಬೇಕಾಯಿತು.

ಬ್ರಿಟನ್ನಿನಲ್ಲೂ ಇದೇ ಜಗಳ. 1941ರ ನವೆಂಬರಿನಿಂದ ಗಾಯಕಿ ವೆರಾ ಲಿನ್ 'ಸಿನ್ಸಿಯರ್ಲಿ ಯುವರ್ಸ್' ಎಂಬ ಹೆಸರಿನಲ್ಲಿ, ಸೈನಿಕರಿಗೆ ಪತ್ರ ಬರೆದಂತೆ, ಹಾಡು ಮತ್ತು ಮಾತು ಪೋಣಿಸಿದರು. ಇಂಥ ಕಣ್ಣೀರಿನ ಹಾಡು ಯೋಧರನ್ನು ಮೆತ್ತಗಾಗಿಸುತ್ತದೆ ಎಂಬ ಕೂಗೆದ್ದಿತು. 1942ರಲ್ಲಿ ಅತಿಭಾವುಕ ಹಾಡುಗಳನ್ನು ತಡೆಯಲು ಬಿಬಿಸಿ ನಿಯಮವನ್ನೇ ತಂದಿತು. ನನಗಂತೂ ಈ ಭಯ ಹಾಸ್ಯಾಸ್ಪದವಾಗಿ ಕಾಣುತ್ತದೆ. ಅಮ್ಮನ ನೆನಪಾಯಿತೆಂದು ಬಂದೂಕು ಕೆಳಗಿಟ್ಟವರ ಸೇನೆ ಎಲ್ಲಿತ್ತು? 1944ರಲ್ಲಿ ವೆರಾ ಲಿನ್ ಬರ್ಮಾ ರಂಗಕ್ಕೇ ಹೋಗಿ ಹದಿನಾಲ್ಕನೇ ಸೇನೆಯ ಮುಂದೆ ಹಾಡಿದರು. ಆ 'ಮೆತ್ತಗಾದ' ಯೋಧರು ಆಗ ಜಪಾನೀಯರೊಡನೆ ಕಾದಾಡುತ್ತಿದ್ದರು.