ಎರಡು ಮಧ್ಯಮ ಕಾರ್ಡ್ ಸೇರಿದರೆ ಒಂದು ದೊಡ್ಡ ಕಾರ್ಡ್ ಆಗುತ್ತದಾ?

ಪ್ರಶ್ನೆ: ನನ್ನ ಹತ್ತಿರ 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇದೆ. ಗೆಳೆಯನೊಬ್ಬ ಅದೇ ಕಾರ್ಡನ್ನು ಸೆಕೆಂಡ್ ಹ್ಯಾಂಡ್ ರೇಟಿಗೆ ಕೊಡ್ತೀನಿ ಅಂತಿದ್ದಾನೆ. ಮದರ್‌ಬೋರ್ಡಿನಲ್ಲಿ ಇನ್ನೊಂದು ಉದ್ದನೆಯ ಸ್ಲಾಟ್ ಖಾಲಿ ಬಿದ್ದಿದೆ. ಎರಡನ್ನೂ ಹಾಕಿದರೆ ಗೇಮ್ ಎಷ್ಟು ಜಾಸ್ತಿ ಓಡುತ್ತೆ?

ಉತ್ತರ: ಸ್ವಲ್ಪವೂ ಜಾಸ್ತಿ ಓಡಲ್ಲ. 3060ಯಲ್ಲಿ ಕಾರ್ಡುಗಳನ್ನು ಬೆಸೆಯುವ ಕನೆಕ್ಟರೇ ಇಲ್ಲ. ಆ ಸರಣಿಯಲ್ಲಿ ಗೇಮಿಂಗ್ ಕಾರ್ಡುಗಳ ಪೈಕಿ ಅದು ಇದ್ದದ್ದು 3090ಯಂಥ ದುಬಾರಿ ಕಾರ್ಡಿನಲ್ಲಿ ಮಾತ್ರ. ಎರಡನೆಯದು ಫ್ಯಾನ್ ತಿರುಗಿಸುತ್ತಾ ಸುಮ್ಮನೆ ಕೂತಿರುತ್ತದೆ.

ಹಾಗಂತ ನಿಮ್ಮ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. 2010ರಲ್ಲಿ ಕೇಳಿದ್ದರೆ ನಾನೇ ‘ಕಣ್ಣು ಮುಚ್ಚಿ ತಗೊಳ್ಳಿ’ ಅಂತಿದ್ದೆ. ಆ ವರ್ಷ ಜುಲೈನಲ್ಲಿ ಬಂದ ಜಿಟಿಎಕ್ಸ್ 460ಯ 1 ಜಿಬಿ ಮಾದರಿಗೆ 229 ಡಾಲರ್. ಈ ಕಾರ್ಡುಗಳ ಕಂಪನಿ ಎನ್ವಿಡಿಯಾದ ಅಂದಿನ ರಾಜ ಜಿಟಿಎಕ್ಸ್ 480ಗೆ 499. ಎರಡು 460 ಕೊಂಡರೂ 458 ಡಾಲರಿಗೆ ಮುಗಿಯಿತು, ಬಹಳಷ್ಟು ಗೇಮುಗಳಲ್ಲಿ ಆ ಜೋಡಿ ರಾಜನನ್ನೇ ಹಿಂದೆ ಹಾಕುತ್ತಿತ್ತು. ಎಸ್‌ಎಲ್‌ಐ, ಅಂದರೆ ಎನ್ವಿಡಿಯಾ ಕಾರ್ಡುಗಳನ್ನು ಬೆಸೆಯುವ ವ್ಯವಸ್ಥೆಯ ಹುಚ್ಚು ಹಿಡಿದದ್ದೇ ಇಂಥ ಲೆಕ್ಕದಿಂದ.

ಲೆಕ್ಕ ತಪ್ಪಿದ್ದು ಎಲ್ಲಿ ಅಂದರೆ, ಜೋಡಿ ಕಾರ್ಡುಗಳು ಕೆಲಸ ಹಂಚಿಕೊಳ್ಳುತ್ತಿದ್ದ ರೀತಿಯಲ್ಲಿ. ಒಂದನೇ ಫ್ರೇಮ್ (ಪರದೆಗೆ ಬರುವ ಒಂದೊಂದು ಚಿತ್ರ) ಇವನು, ಎರಡನೆಯದು ಅವನು, ಮೂರನೆಯದು ಮತ್ತೆ ಇವನು. ಇಬ್ಬರೂ ಸಮನಾದ ಅಂತರದಲ್ಲಿ ಫ್ರೇಮ್ ಕೊಟ್ಟರೆ ಸರಿ, ಆದರೆ ಹಾಗೆ ಕೊಡುತ್ತಿರಲಿಲ್ಲ. ಒಂದು ಫ್ರೇಮ್ 5 ಮಿಲಿಸೆಕೆಂಡಿಗೆ ಬಂತು, ಮುಂದಿನದು 28ಕ್ಕೆ ಬಂತು ಅಂದುಕೊಳ್ಳಿ. ಎರಡು ಫ್ರೇಮಿಗೆ 33 ಮಿಲಿಸೆಕೆಂಡ್. ಸೆಕೆಂಡಿಗೆ ಎಷ್ಟು ಫ್ರೇಮ್ (ಎಫ್‌ಪಿಎಸ್) ಅಂತ ತೋರಿಸುವ ಪರದೆಯ ಮೂಲೆಯ ಕೌಂಟರ್ ‘60 ಎಫ್‌ಪಿಎಸ್’ ಅನ್ನುತ್ತದೆ. ಕಣ್ಣಿಗೆ ತಟ್ಟುವುದು ಮಾತ್ರ ಆ 28ರ ಅಂತರ, ಅಂದರೆ ಸುಮಾರು 36 ಎಫ್‌ಪಿಎಸ್‌ನ ಆಟ. ಇದಕ್ಕೇ ಮೈಕ್ರೋ ಸ್ಟಟರ್ ಅನ್ನುವುದು. ಒಂದೇ ಕಾರ್ಡ್ 50 ಎಫ್‌ಪಿಎಸ್ ಕೊಟ್ಟರೂ ಅದಕ್ಕಿಂತ ನುಣುಪಾಗಿ ಕಾಣುತ್ತಿತ್ತು. ಹಳೆಯ ಬೆಂಚ್‌ಮಾರ್ಕ್ ಪಟ್ಟಿಗಳಲ್ಲಿ ಬರೀ ಸರಾಸರಿ ನೋಡಿ ಮರುಳಾಗಬೇಡಿ ಅನ್ನುವುದು ಇದಕ್ಕೇ.

ಮೆಮೊರಿಯೂ ಕೂಡುವುದಿಲ್ಲ. ಗೇಮಿನ ಟೆಕ್ಸ್ಚರುಗಳೆಲ್ಲ (ವಸ್ತುಗಳ ಮೇಲೆ ಹೊದಿಸುವ ಚಿತ್ರಗಳು) ಎರಡೂ ಕಾರ್ಡಿನಲ್ಲಿ ಒಂದೊಂದು ಪ್ರತಿ ಇರಬೇಕು, ಹಾಗಾಗಿ 12ಕ್ಕೆ 12 ಸೇರಿದರೂ 12 ಜಿಬಿಯೇ.

ಕೊನೆಯ ಪೆಟ್ಟು ಕೊಟ್ಟದ್ದು ಗೇಮ್ ಎಂಜಿನ್‌ಗಳು. ಈಗಿನ ಗೇಮುಗಳು ಅಂಚು ನುಣುಪಾಗಿಸಲು ಹಿಂದಿನ ಫ್ರೇಮಿನ ಮಾಹಿತಿ ಬಳಸುತ್ತವೆ. ಹಿಂದಿನ ಫ್ರೇಮ್ ಪಕ್ಕದ ಕಾರ್ಡಿನಲ್ಲಿದ್ದರೆ? ಅದು ಬರುವ ತನಕ ಇದು ಕಾಯಬೇಕು. ಹಾಗಿದ್ದೂ 2016ರಲ್ಲಿ ಎನ್ವಿಡಿಯಾದ ಎದುರಾಳಿ ಎಎಂಡಿ ತನ್ನ ಎರಡು ಆರ್‌ಎಕ್ಸ್ 480 ಜೋಡಿಸಿ ‘ಆ್ಯಶಸ್ ಆಫ್ ದಿ ಸಿಂಗ್ಯುಲಾರಿಟಿ’ ಗೇಮಿನಲ್ಲಿ ಜಿಟಿಎಕ್ಸ್ 1080ಯನ್ನು ಸೋಲಿಸಿ ತೋರಿಸಿತು: ಜೋಡಿಗೆ 62.5 ಎಫ್‌ಪಿಎಸ್, 1080ಗೆ 58.7. ಅದು ಕಂಪನಿಯದೇ ಪ್ರದರ್ಶನ, ಮೇಲಾಗಿ ಜೋಡಿ ಕಾರ್ಡನ್ನು ತಾನೇ ನಿಭಾಯಿಸುವಂತೆ ಬರೆದ ಗೇಮ್. ಅಂಥವು ಬೆರಳೆಣಿಕೆಯಷ್ಟು. ಅದೇ ವರ್ಷ ಜುಲೈನಲ್ಲಿ ಬಂದ ಜಿಟಿಎಕ್ಸ್ 1060ಯಿಂದ ಎನ್ವಿಡಿಯಾ ಎಸ್‌ಎಲ್‌ಐ ಕನೆಕ್ಟರನ್ನೇ ಕಿತ್ತಿತ್ತು. ಜೋಡಿ 1060 ತನ್ನ 1080ಯ ಗಿರಾಕಿಗಳನ್ನು ಕದಿಯದಿರಲಿ ಅನ್ನುವ ಉಪಾಯವೂ ಅದರಲ್ಲಿತ್ತು ಅಂತ ನನ್ನ ಗುಮಾನಿ. 2021ರ ಜನವರಿಯಿಂದ, ಒಂದೊಂದು ಗೇಮಿಗೂ ಜೋಡಿಯನ್ನು ಹೊಂದಿಸುವ ಹೊಸ ಎಸ್‌ಎಲ್‌ಐ ಪ್ರೊಫೈಲುಗಳೂ ನಿಂತವು.

ಇನ್ನು ಆ ಖಾಲಿ ಸ್ಲಾಟ್. ಮಧ್ಯಮ ದರದ ಬೋರ್ಡುಗಳಲ್ಲಿ ಅದು ನೋಡಲಷ್ಟೇ ಉದ್ದ. ಒಳಗೆ ಮಾಹಿತಿ ಹರಿಯುವ ದಾರಿಗಳು, ಅಂದರೆ ಲೇನ್, ಸಾಮಾನ್ಯವಾಗಿ ನಾಲ್ಕೇ. ಮೇಲೆ ಇನ್ನೂ 170 ವ್ಯಾಟ್ ಎಳೆಯುವ ಕಾರ್ಡಿಗೆ ನಿಮ್ಮ ಪವರ್ ಸಪ್ಲೈ ತಡೆಯುತ್ತದೋ ಇಲ್ಲವೋ ಬೇರೆ ಮಾತು.

ನೀವು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೆಂಡರ್ ಮಾಡುವವರಾದರೆ, ಮನೆಯ ಕಂಪ್ಯೂಟರಿನಲ್ಲೇ ಎಐ ಮಾಡೆಲ್ ಓಡಿಸುವವರಾದರೆ ಗೆಳೆಯನ ಕಾರ್ಡ್ ಖಂಡಿತ ತಗೊಳ್ಳಿ. ಅಲ್ಲಿ ಎರಡೂ ದುಡಿಯುತ್ತವೆ. ಗೇಮಿಗೇ ಆದರೆ, ಗೆಳೆಯನಿಗೆ ಕೊಡಬೇಕೆಂದಿದ್ದ ದುಡ್ಡಿಗೆ ನಿಮ್ಮ 3060 ಮಾರಿದ ದುಡ್ಡು ಸೇರಿಸಿ ಒಂದೇ ಒಂದು ಮೇಲಿನ ದರ್ಜೆಯ ಕಾರ್ಡ್ ನೋಡಿ. ಗಿರಾಕಿಗೆ ಅಲೆಯಬೇಕಿಲ್ಲ, ಗೆಳೆಯನ ಕಾರ್ಡ್ ಕೇಳಿಕೊಂಡು ಬಂದವರಲ್ಲೇ ಒಬ್ಬರು ಸಿಕ್ಕಾರು.