ಮೂರು ವರ್ಷ ಶೆಡ್ಡಿನಲ್ಲಿ ನಿಂತ ಆಕ್ಟೇವಿಯಾ ಆರ್‌ಎಸ್ ತಗೊಳ್ಳಬಹುದಾ?

ಪ್ರಶ್ನೆ: 2007ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರು ಸಿಕ್ಕಿದೆ. ರಿಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ತಿದ್ದಿ ಶಕ್ತಿ ಏರಿಸುವುದು), ದೊಡ್ಡ ಟರ್ಬೊ, ಎಕ್ಸಾಸ್ಟ್ ಎಲ್ಲ ಹಾಕಿಸಿದ್ದಾರೆ. ಮೂರು ವರ್ಷದಿಂದ ಶೆಡ್ಡಿನಲ್ಲೇ ಇದೆ. ಬರೀ 62,000 ಕಿ.ಮೀ. ಓಡಿದೆ, ಎಂಜಿನ್ ಫ್ರೆಶ್ ಅಂತಾರೆ. ತಗೊಳ್ಳಲಾ?

ಕಾರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಮಾರುವವರು ಕೇಳಿದ ಬೆಲೆಯಷ್ಟೇ ಇನ್ನೊಂದು ಮೊತ್ತ ನಿಮ್ಮ ಕೈಯಲ್ಲಿದ್ದರೆ, ದಿನದ ಓಡಾಟಕ್ಕೆ ಬೇರೆ ಗಾಡಿ ಇದ್ದರೆ, ಹೋಗಿ ನೋಡಿ. ಸಾಲ ಮಾಡಿ ತಗೊಳ್ಳುವುದಾದರೆ ಬೇಡವೇ ಬೇಡ.

ಕಾರಿನ ಮೇಲೆ ನನಗೇನೂ ಸಿಟ್ಟಿಲ್ಲ. 1.8 ಲೀಟರ್ ಟರ್ಬೊ, ಸಿಲಿಂಡರಿಗೆ ಐದು ವಾಲ್ವ್. ಯುರೋಪಿನಲ್ಲಿ 180 ಅಶ್ವಶಕ್ತಿ ಕೊಡುತ್ತಿದ್ದ ಆರ್‌ಎಸ್ ನಮ್ಮಲ್ಲಿಗೆ 150ಕ್ಕೆ ಇಳಿದು ಬಂತು. ರಿಮ್ಯಾಪ್ ಹುಚ್ಚು ಹತ್ತಿದ್ದೇ ಅಲ್ಲಿಂದ.

ನನ್ನ ತಲೆ ಬಿಸಿಯಾಗುವುದು ಆ 'ಬರೀ 62,000' ಅನ್ನುವ ಮಾತಿಗೆ. ಓಡದ ಗಾಡಿ ಸವೆಯುವುದಿಲ್ಲ, ನಿಜ. ಆದರೆ ಅದು ಕೆಡುತ್ತದೆ. ಮಳೆಗಾಲವಿಡೀ ನಿಂತ ತೋಟದ ಪಂಪ್‌ಸೆಟ್ ಬೇಸಗೆಯಲ್ಲಿ ಜಾಮ್ ಆಗಿ ಕೂತಿರುವುದನ್ನು ನೋಡಿದ್ದೀರಲ್ವಾ? ಅದನ್ನು 'ಕಡಿಮೆ ಓಡಿದೆ' ಅಂತ ಜಾಸ್ತಿ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಕಾರಿನ ವಿಷಯ ಬಂದ ಕೂಡಲೇ ಆ ಬುದ್ಧಿ ಎಲ್ಲಿಗೆ ಹೋಗುತ್ತದೋ.

ಪಿಸ್ಟನ್, ವಾಲ್ವ್ ಎರಡನ್ನೂ ಒಂದೇ ತಾಳದಲ್ಲಿ ಇಡುವ ಟೈಮಿಂಗ್ ಬೆಲ್ಟಿಗೆ ಕಿಲೋಮೀಟರ್ ಲೆಕ್ಕ ಇರುವ ಹಾಗೆ ವರ್ಷದ ಲೆಕ್ಕವೂ ಇದೆ. ಓಡಲಿ ಬಿಡಲಿ, ಅದರ ರಬ್ಬರಿಗೆ ವಯಸ್ಸಾಗುತ್ತದೆ. ಈ ಎಂಜಿನ್‌ನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ. ಆಮೇಲೆ ಹೆಡ್ ಬಿಚ್ಚುವ ಖರ್ಚು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಪೆಟ್ರೋಲಿನಲ್ಲಿರುವ ಎಥನಾಲ್ ಕೂಡ ತೇವ ಹೀರುವ ಜಾತಿಯದ್ದೇ. ಟ್ಯಾಂಕಿನಲ್ಲಿ ಹಳಸಿದ ಪೆಟ್ರೋಲ್ ಅಂಟಾಗಿ, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಟೈರ್ ಹೊಸದರಂತೆ ಹೊಳೆಯುತ್ತಿರಬಹುದು, ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2316 ಅಂತಿದ್ದರೆ 2016ರ 23ನೇ ವಾರದ ಮಾಲು, ಬಿಸಾಡಬೇಕು. ಇನ್ನು ಇಲಿಗಳು. ಮೂರು ವರ್ಷ ಶೆಡ್ಡಿನಲ್ಲಿ ಸುಮ್ನೆ ನಿಂತ ಕಾರಿನ ವೈರಿಂಗ್ ಅವು ಬಿಟ್ಟಿದ್ದರೆ ನಿಮ್ಮ ಪುಣ್ಯ.

ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಈ 1.8 ಟರ್ಬೊಗಳಿಗೆ ಆಯಿಲ್ ಗಟ್ಟಿಯಾಗಿ ಕೆಸರು ಕಟ್ಟುವ ಚಾಳಿ ಇದೆ. ಆ ಕೆಸರು ಕೆಳಗೆ ಆಯಿಲ್ ಎಳೆದುಕೊಳ್ಳುವ ಜಾಲರಿಗೆ ಕೂತರೆ, ಆಯಿಲ್ ಸಿಗದೆ ಮೊದಲು ಸಾಯುವುದು ಟರ್ಬೊ. ಇನ್ನೊಂದು, ನೀವು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ 'ನಾಳೆ ಬೆಳಿಗ್ಗೆ ಬರ್ತೀನಿ' ಅನ್ನಿ. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅಂತ ನೋಡದೆ ಅಡ್ವಾನ್ಸ್ ಕೊಡಬೇಡಿ.

ಮಾಡಿಫಿಕೇಶನ್‌ಗೆ ಹಾಕಿದ ದುಡ್ಡು ಅವರ ಶೋಕಿಯ ಲೆಕ್ಕ, ನಿಮ್ಮದಲ್ಲ. ಕಂಪನಿಯ ಹಳೆ ಟರ್ಬೊ, ಹಳೆ ಎಕ್ಸಾಸ್ಟ್ ಚೀಲದಲ್ಲಿ ಕಟ್ಟಿಟ್ಟಿದ್ದಾರಾ ಕೇಳಿ. ಇಟ್ಟಿದ್ದರೆ ಮಾತು ಮುಂದುವರಿಸಿ. ಗುಜರಿಗೆ ಹಾಕಿದ್ದರೆ ಅರ್ಧ ಬೆಲೆ ಹೇಳಿ ಎದ್ದು ಬನ್ನಿ.

ಯಾಕೆ ಗೊತ್ತಾ? ಗಾಡಿಯನ್ನು ಮತ್ತೆ ಕಂಪನಿ ರೂಪಕ್ಕೆ ತರಬೇಕಾಗುತ್ತದೆ. 2007ರ ಗಾಡಿಗೆ ಹದಿನೈದು ವರ್ಷ 2022ಕ್ಕೇ ತುಂಬಿತು. ಆರ್‌ಸಿ ನವೀಕರಣಕ್ಕೆ ಆರ್‌ಟಿಒದಲ್ಲಿ ಗಾಡಿ ತೋರಿಸಬೇಕು. ಕಂಪನಿ ಕೊಟ್ಟ ರೂಪ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಅದೇ ವರ್ಷದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬಂತು, ಆರು ತಿಂಗಳ ಜೈಲಿಗೂ ಅವಕಾಶವಿದೆ. ಈಗ ಹೇಳಿ, ಗಾಡಿ ಮೂರು ವರ್ಷದಿಂದ ಶೆಡ್ಡಿನಲ್ಲಿರುವುದು ಪ್ರೀತಿಯಿಂದಲೋ, ಆರ್‌ಸಿ ಆಗದೆಯೋ? ಮೊದಲು ಆರ್‌ಸಿಯ ತಾರೀಕು ನೋಡಿ, ಬಾನೆಟ್ ಆಮೇಲೆ ಎತ್ತಿ.

'ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡ್ತಿದ್ವಿ ಸಾರ್' ಅನ್ನುತ್ತಾರಲ್ಲ, ಅದು ಇನ್ನೂ ಕೆಟ್ಟದ್ದು. ಐದು ನಿಮಿಷದಲ್ಲಿ ಆಯಿಲ್ ಸರಿಯಾಗಿ ಬಿಸಿಯಾಗುವುದಿಲ್ಲ. ಒಳಗೆ ನೀರಿನ ಪಸೆ, ಹಸಿ ಪೆಟ್ರೋಲ್ ಸೇರಿ ಉಳಿಯುತ್ತದೆ. ಸ್ಟಾರ್ಟ್ ಮಾಡಲು ಹೋದ ಬ್ಯಾಟರಿಯ ಚಾರ್ಜೂ ಪೂರ್ತಿ ವಾಪಸ್ ಬರುವುದಿಲ್ಲ. ನೀವು ಕೇಳಿಲ್ಲ, ಆದರೂ ಆರು ತಿಂಗಳು ಆನ್‌ಸೈಟ್ ಅಂತ, ಅಂದರೆ ಕಂಪನಿ ಕೆಲಸಕ್ಕೆ ವಿದೇಶಕ್ಕೆ, ಕಾರು ಬಿಟ್ಟು ಹೋಗುವವರಿಗೆ ಇದೂ ಗೊತ್ತಿರಲಿ. ಟ್ಯಾಂಕ್ ಫುಲ್ ಮಾಡಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಊರಲ್ಲಿರುವ ಅಪ್ಪನಿಗೆ ಸ್ಟಾರ್ಟ್ ಮಾಡುವ ಕೆಲಸ ಹಚ್ಚಬೇಡಿ. ಅವರಿಗೇ ಓಡಿಸುವ ಆಸೆ ಇದ್ದರೆ ಬ್ಯಾಟರಿ ಬಿಚ್ಚುವುದೇ ಬೇಡ. ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ಕಿಲೋಮೀಟರ್ ದೂರದ ಹೋಟೆಲಿಗೆ ಹೋಗಿ ದೋಸೆ ತಿಂದುಕೊಂಡು ಬರಲಿ.