ಮರಿ ಬೆಳೆಯಬಾರದು ಅನ್ನುವವರಿಗೆ

ಚಿವಾವಾ, ಪೊಮೆರೇನಿಯನ್, ಯಾರ್ಕ್‌ಷೈರ್ ಟೆರಿಯರ್. ಇಂಥ ಪುಟ್ಟ ತಳಿಯ ಮರಿ ತಂದವರು ಅದನ್ನು ಮೇಜಿನ ಮೇಲೆ ಇಳಿಸುತ್ತಿದ್ದ ಹಾಗೇ ಕೇಳುವ ಪ್ರಶ್ನೆ ಒಂದೇ. ‘ಡಾಕ್ಟ್ರೇ, ಇದು ಇನ್ನು ಬೆಳೆಯಲ್ಲ ಅಲ್ವಾ?’ ಲಸಿಕೆ, ಜಂತುಹುಳದ ಔಷಧಿ, ಊಟ ಎಲ್ಲ ಆಮೇಲೆ. ಮಕ್ಕಳ ಡಾಕ್ಟರ ಹತ್ತಿರ ಹೋಗಿ ಯಾವ ತಾಯಿಯೂ ಹೀಗೆ ಕೇಳುವುದಿಲ್ಲ.

ಮರಿಗೆ ಎಷ್ಟು ದುಡ್ಡು ಕೊಟ್ಟಿರಿ ಅಂತ ನಾನು ಕೇಳುವುದಿಲ್ಲ. ಅವರೇ ಹೇಳುತ್ತಾರೆ. ಅದರ ಒಡಹುಟ್ಟಿದ ಮರಿಗಳಿಗಿಂತ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ. ಯಾಕೆಂದರೆ ಇದು ‘ಟೀಕಪ್’ ಅಂತೆ, ಅಂದರೆ ಚಹಾ ಕಪ್ಪಿನಲ್ಲಿ ಕೂರುವಷ್ಟು ಚಿಕ್ಕದು. ಮೈಕ್ರೋ, ಪಾಕೆಟ್, ಟೈನಿ ಅಂತಲೂ ಹೆಸರುಗಳಿವೆ. ನಾಯಿ ತಳಿಗಳನ್ನು ನೋಂದಾಯಿಸುವ ಪ್ರಮುಖ ಕೆನಲ್ ಕ್ಲಬ್‌ಗಳ ಪಟ್ಟಿಯಲ್ಲಿ ಇಂಥ ಹೆಸರಿನ ತಳಿ ಯಾವುದೂ ಇಲ್ಲ. ಅಮೆರಿಕನ್ ಕೆನಲ್ ಕ್ಲಬ್ ಪ್ರಕಾರ ಬೆಳೆದ ಚಿವಾವಾ 6 ಪೌಂಡ್ ಮೀರಬಾರದು, ಅಂದರೆ ಸುಮಾರು 2.7 ಕೆಜಿ. ಪೊಮೆರೇನಿಯನ್‌ಗೆ 3ರಿಂದ 7 ಪೌಂಡ್. ಎರಡೂವರೆ ಕೆಜಿಯ ನಾಯಿ ಅಂದರೆ ಆಗಲೇ ಪುಟ್ಟದು. ಅದು ಸಾಲದು, ಇನ್ನೂ ಚಿಕ್ಕದು ಬೇಕು ಅನ್ನುವಲ್ಲಿಂದ ತೊಂದರೆ ಶುರುವಾಗುತ್ತದೆ.

ಚಿಕ್ಕ ಮೈಯೇ ಒಂದು ಕಾಯಿಲೆ ಅಂತ ನಾನು ಹೇಳುತ್ತಿಲ್ಲ. ಪುಟ್ಟ ತಳಿಗಳ ಗಾತ್ರಕ್ಕೆ ಐಜಿಎಫ್-1 ಎಂಬ ಜೀನ್ ಮುಖ್ಯ ಕಾರಣ ಅಂತ 2007ರಲ್ಲೇ ಗೊತ್ತಾಯಿತು. ಮೈಯನ್ನು ಚಿಕ್ಕದಾಗಿಸುವ ಆ ಜೀನಿನ ರೂಪ 50,000 ವರ್ಷಕ್ಕೂ ಹಿಂದಿನ ತೋಳದಲ್ಲೂ ಇತ್ತು ಅಂತ 2022ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಂದರೆ ಆರೋಗ್ಯವಾಗಿರುವ ಪುಟ್ಟ ನಾಯಿ ಪ್ರಕೃತಿಗೆ ಹೊಸದೇನಲ್ಲ. ಆದರೆ ಒಂದೇ ಸೂಲಿನಲ್ಲಿ ಒಂದು ಮರಿ ಮಾತ್ರ ಉಳಿದವುಗಳ ಅರ್ಧ ಇದ್ದರೆ, ಅದಕ್ಕೆ ಸಾಮಾನ್ಯವಾಗಿ ಬೇರೆಯೇ ಕಾರಣ ಇರುತ್ತದೆ. ಜನ ಜಾಸ್ತಿ ದುಡ್ಡು ಕೊಡುವುದು ಆ ಬೇರೆ ಕಾರಣಕ್ಕೆ.

ಅದಕ್ಕೇ ನಾನು ಬಂದವರಿಗೆಲ್ಲ ಹೇಳುವುದು ಇಷ್ಟು. ವಯಸ್ಸು ಗೊತ್ತಿಲ್ಲದ ತೂಕಕ್ಕೆ ಅರ್ಥವೇ ಇಲ್ಲ. 450 ಗ್ರಾಂ ತೂಗುವ ಚಿವಾವಾ ಮರಿ ಐದಾರು ವಾರದ್ದಾದರೆ ಅದರಲ್ಲಿ ವಿಶೇಷ ಏನೂ ಇಲ್ಲ. ಅದೇ ತೂಕದ ಮರಿಗೆ ಹನ್ನೆರಡು ವಾರ ಆಗಿದ್ದರೆ ನನಗೆ ಚಿಂತೆ. ತಕ್ಕಡಿಯಲ್ಲಿ ಎರಡೂ ಒಂದೇ. ಫೋಟೋದಲ್ಲಿ ಅಂಗೈ ಮೇಲೆ ಕೂತಾಗಲೂ ಎರಡೂ ಒಂದೇ. ಮಾರುವವರು ತೂಕವನ್ನು ದೊಡ್ಡದಾಗಿ ಹೇಳುತ್ತಾರೆ, ಹುಟ್ಟಿದ ದಿನ ಕೇಳಿದರೆ ಮಾತು ತೇಲಿಸುತ್ತಾರೆ. ನೀವು ಮೊದಲು ಕೇಳಬೇಕಾದ್ದು ಅದನ್ನೇ.

ಬಾಯಿ ತೆರೆದು ನೋಡಿದರೆ ವಯಸ್ಸು ಅಂದಾಜಾಗುತ್ತದೆ. ಹಾಲುಹಲ್ಲು ಮೂರನೇ ವಾರದ ಹೊತ್ತಿಗೆ ಮೂಡಲು ಶುರುವಾಗಿ, ಎಂಟು ವಾರದ ಹೊತ್ತಿಗೆ ಬಹುಪಾಲು ಬಂದಿರುತ್ತವೆ. ಪುಟ್ಟ ತಳಿಗಳಲ್ಲಿ ಸ್ವಲ್ಪ ತಡ ಆಗಬಹುದು, ಆದ್ದರಿಂದ ಹಲ್ಲು ನೋಡಿ ಇಂಥದ್ದೇ ದಿನ ಹುಟ್ಟಿದ್ದು ಅಂತ ನಾನು ಹೇಳಲಾರೆ. ಆದರೂ ‘ಮೂರು ತಿಂಗಳು ತುಂಬಿದೆ’ ಅಂತ ಕೊಂಡ ಮರಿಯ ಬಾಯಲ್ಲಿ ಹಲ್ಲು ಆಗತಾನೇ ಮೊಳೆಯುತ್ತಿದ್ದರೆ ಏನು ನಡೆದಿದೆ ಅಂತ ತಿಳಿಯುತ್ತದೆ. ಅದು ಇನ್ನೂ ತಾಯಿಯ ಹತ್ತಿರ ಇರಬೇಕಾದ ಮರಿ. ಎಂಟು ವಾರಕ್ಕೆ ಮುಂಚೆ ಮರಿ ಮಾರಬಾರದು ಅಂತ ಹಲವು ದೇಶಗಳಲ್ಲಿ ಕಾನೂನೇ ಇದೆ. ವಯಸ್ಸು ತಪ್ಪಾದರೆ ಲಸಿಕೆಯ ಲೆಕ್ಕವೂ ತಪ್ಪುತ್ತದೆ. ಹದಿನಾರು ವಾರದವರೆಗೆ ಕೊಡಬೇಕಾದ ಲಸಿಕೆ ಹತ್ತು ವಾರಕ್ಕೇ ಮುಗಿದು ಹೋಗುತ್ತದೆ.

ವಯಸ್ಸು ಸುಳ್ಳಲ್ಲ, ಮರಿ ನಿಜಕ್ಕೂ ಚಿಕ್ಕದು ಅಂತಿಟ್ಟುಕೊಳ್ಳಿ. ಆಗ ಯಾಕೆ ಚಿಕ್ಕದು ಅಂತ ಕೇಳಬೇಕು. ಅಪ್ಪ ಅಮ್ಮ ಇಬ್ಬರೂ ಚಿಕ್ಕವರಿದ್ದು, ಮರಿ ಚೆನ್ನಾಗಿ ತಿಂದು ಆಡಿಕೊಂಡಿದ್ದರೆ ಸರಿ. ಹಾಲು ಸಾಲದೆ, ಹೊಟ್ಟೆಯ ಜಂತುಹುಳದಿಂದ ಸೊರಗಿದ್ದರೆ ಅದೂ ದೊಡ್ಡದಲ್ಲ, ಸರಿಮಾಡಬಹುದು. ಹೃದಯದ ದೋಷ ಇರಬಹುದು. ತಲೆಯಲ್ಲಿ ನೀರು ತುಂಬಿಕೊಂಡಿರಬಹುದು. ನೆತ್ತಿಯ ಮೂಳೆ ಕೂಡದೆ ಮೆತ್ತಗಿರುವುದು ಚಿವಾವಾಗಳಲ್ಲಿ ಸಾಮಾನ್ಯ. ಅದೊಂದನ್ನೇ ನೋಡಿ ಹೆದರಬೇಡಿ, ಆದರೆ ಪರೀಕ್ಷೆ ಮಾಡಿಸದೆ ಬಿಡಲೂ ಬೇಡಿ.

ಯಾರ್ಕ್‌ಷೈರ್ ಟೆರಿಯರ್ ಮತ್ತು ಮಾಲ್ಟೀಸ್ ಮರಿಗಳಲ್ಲಿ ನಾನು ಮುಖ್ಯವಾಗಿ ನೋಡುವುದು ಯಕೃತ್ತನ್ನು. ಕರುಳಿನಿಂದ ಹೊರಟ ರಕ್ತ ಯಕೃತ್ತಿನ ಮೂಲಕ ಹಾದು ಶುದ್ಧವಾಗಬೇಕು. ಕೆಲವು ಮರಿಗಳಲ್ಲಿ ಹುಟ್ಟುವಾಗಲೇ ಒಂದು ರಕ್ತನಾಳ ಅಡ್ಡದಾರಿ ಹಿಡಿದಿರುತ್ತದೆ. ರಕ್ತ ಯಕೃತ್ತನ್ನು ಮುಟ್ಟದೆ ನೇರವಾಗಿ ಹೋಗಿಬಿಡುತ್ತದೆ. ಇಂಥ ಮರಿ ಬೆಳೆಯುವುದಿಲ್ಲ, ಎಷ್ಟೋ ಸಲ ಊಟ ಆದಮೇಲೆ ಮಂಕಾಗುತ್ತದೆ. ಊಟಕ್ಕೆ ಮುಂಚೆ ಮತ್ತು ಆಮೇಲೆ ರಕ್ತದಲ್ಲಿ ಬೈಲ್ ಆಸಿಡ್ (ಪಿತ್ತರಸದ ಆಮ್ಲ) ಪರೀಕ್ಷೆ ಮಾಡಿದರೆ ಅನುಮಾನ ಬಹಳಮಟ್ಟಿಗೆ ಪರಿಹಾರವಾಗುತ್ತದೆ. ‘ತುಂಬಾ ಶಾಂತ ಸ್ವಭಾವ, ಸದಾ ಮಡಿಲಲ್ಲೇ ಮಲಗಿರುತ್ತೆ’ ಅಂತ ಹೊಗಳಿ ಮಾರಿದ ಮರಿ ನಿಜವಾಗಿ ಕಾಯಿಲೆಯಿಂದ ಮಲಗಿರುತ್ತದೆ. ಅದನ್ನು ಮನೆಯವರಿಗೆ ಹೇಳುವಾಗ ನನಗೆ ಬಹಳ ಕಷ್ಟವಾಗುತ್ತದೆ.

ಇನ್ನು ನನಗೆ ತಡೆಯಲಾಗದ ಸಿಟ್ಟು ಬರುವ ವಿಷಯ. ಬೆಳೆಯಬಾರದು ಅಂತ ಊಟ ಕಡಿಮೆ ಮಾಡುವುದು. ಒಂದು ಬೆಳಿಗ್ಗೆ ತಾಯಿ ಮಗಳು ಟವೆಲ್ ಸುತ್ತಿದ ಮರಿಯನ್ನು ಹಿಡಿದು ಓಡಿ ಬಂದರು. ಮೈ ತಣ್ಣಗಿತ್ತು, ಕಣ್ಣು ನೆಟ್ಟಿತ್ತು, ಕಾಲು ಸೆಟೆಯುತ್ತಿತ್ತು. ಮಾರಿದವರು ‘ದಿನಕ್ಕೆ ಎರಡೇ ಹೊತ್ತು, ಒಂದೊಂದು ಚಮಚ, ಜಾಸ್ತಿ ಕೊಟ್ಟರೆ ದೊಡ್ಡದಾಗುತ್ತೆ’ ಅಂತ ಹೇಳಿ ಕಳಿಸಿದ್ದರು. ಆ ಹುಡುಗಿ ಚಮಚ ಅಳೆದು ಅಳೆದು ಹಾಗೇ ಮಾಡಿದ್ದಳು. ರಕ್ತದಲ್ಲಿ ಸಕ್ಕರೆ ಪೂರ್ತಿ ಇಳಿದಿತ್ತು. ಗ್ಲೂಕೋಸ್ ಕೊಟ್ಟು ಬೆಚ್ಚಗಿಟ್ಟ ಮೇಲೆ ಮರಿ ತಲೆ ಎತ್ತಿತು. ‘ಇನ್ನು ಹೊಟ್ಟೆ ತುಂಬಾ ಕೊಡಬಹುದಾ ಅಂಕಲ್?’ ಅಂತ ಅವಳು ಕೇಳಿದಳು. ಅವಳ ಮೇಲೆ ಕೋಪ ಮಾಡಿಕೊಳ್ಳಲು ಸಾಧ್ಯವೇ ಇಲ್ಲ.

ಪುಟ್ಟ ಮರಿಯ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಬಹಳ ಕಡಿಮೆ. ಮೈಯಲ್ಲಿ ಮಾಂಸವೂ ಕಡಿಮೆ. ಕೆಲವು ಗಂಟೆ ಊಟ ತಪ್ಪಿದರೂ, ಚಳಿ ಹಿಡಿದರೂ, ಜಾಸ್ತಿ ಆಡಿ ದಣಿದರೂ ಸಕ್ಕರೆ ಕುಸಿಯುತ್ತದೆ. ಮೂರು ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕರಿಂದ ಆರು ಸಲ ಸ್ವಲ್ಪ ಸ್ವಲ್ಪ ಊಟ ಬೇಕು. ಮರಿ ತೂರಾಡಿದರೆ, ನಡುಗಿದರೆ, ಮಂಕಾದರೆ ಒಸಡಿಗೆ ಜೇನುತುಪ್ಪ ಅಥವಾ ಸಕ್ಕರೆ ಪಾಕ ಸವರಿ ಡಾಕ್ಟರ ಹತ್ತಿರ ಹೊರಡಿ. ಎಚ್ಚರ ತಪ್ಪಿದ ಮರಿಯ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಊಟ ಕಡಿಮೆ ಮಾಡಿದರೆ ಮೂಳೆ ಮೆದುಳು ಸೊರಗುತ್ತವೆ. ತಳಿ ಚಿಕ್ಕದಾಗುವುದಿಲ್ಲ.

ಬೆಲೆಯ ವಿಷಯದಲ್ಲಿ ಮಾರುವವರ ಮಾತನ್ನೂ ಹೇಳಬೇಕು. ಪುಟ್ಟ ತಳಿಗಳು ಒಂದು ಸೂಲಿಗೆ ಹಾಕುವುದೇ ಎರಡು ಮೂರು ಮರಿ. ಎಷ್ಟೋ ಸಲ ಸಿಸೇರಿಯನ್ ಬೇಕು. ಎರಡೆರಡು ಗಂಟೆಗೆ ಎದ್ದು ಬಾಟಲಿ ಹಾಲು ಕುಡಿಸಬೇಕು. ಈ ಖರ್ಚು, ಈ ನಿದ್ದೆಗೇಡು ನಿಜ. ಆದರೆ ಅದು ಇಡೀ ಸೂಲಿನ ಖರ್ಚು. ಅತಿ ಚಿಕ್ಕ ಮರಿಯೊಂದಕ್ಕೇ ಅದನ್ನು ಯಾಕೆ ಹೊರಿಸಬೇಕು? ನಾನು ಕಂಡ ಒಳ್ಳೆಯ ಸಾಕಣೆಗಾರರು ಅಂಥ ಮರಿಯನ್ನು ಹನ್ನೆರಡು ವಾರ ದಾಟುವವರೆಗೂ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಪರೀಕ್ಷೆ ಮಾಡಿಸಿ, ಇದು ಸ್ವಲ್ಪ ನಾಜೂಕು ಅಂತ ಬಾಯಿಬಿಟ್ಟು ಹೇಳಿ, ಉಳಿದವುಗಳ ಬೆಲೆಗೇ ಕೊಡುತ್ತಾರೆ. ‘ಒಂದು ಕೆಜಿ ದಾಟಲ್ಲ, ಗ್ಯಾರಂಟಿ’ ಅನ್ನುವವರನ್ನು ನಂಬಬೇಡಿ. ಪುಟ್ಟ ತಳಿ ಪೂರ್ತಿ ಬೆಳೆಯಲು ಎಂಟು ಹತ್ತು ತಿಂಗಳು ಬೇಕು. ಅಷ್ಟರವರೆಗೆ ಯಾರು ಹೇಳಿದರೂ ಅಂದಾಜೇ, ನಾನು ಹೇಳಿದರೂ ಅಂದಾಜೇ.

ಒಬ್ಬ ದಂಪತಿ ಹೀಗೆ ಗ್ಯಾರಂಟಿ ಪಡೆದು ತಂದ ಪೊಮೆರೇನಿಯನ್ ವರ್ಷ ತುಂಬುವ ಹೊತ್ತಿಗೆ ಮೂರು ಕೆಜಿ ದಾಟಿತು. ಮೋಸ ಹೋದೆವು ಅಂತ ಬೇಜಾರಿನಲ್ಲಿ ಬಂದರು. ಹೃದಯ ಚೆನ್ನಾಗಿತ್ತು, ಮಂಡಿಚಿಪ್ಪು ಜಾರುತ್ತಿರಲಿಲ್ಲ, ಹಲ್ಲು ಸಾಲಾಗಿ ಬಂದಿದ್ದವು. ಇಷ್ಟು ಆರೋಗ್ಯವಾದ ಪೊಮೆರೇನಿಯನ್ ನನ್ನ ಮೇಜಿಗೆ ಅಪರೂಪ ಅಂತ ಹೇಳಿದೆ. ಅವರ ಮುಖ ಅರಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಈಗಾಗಲೇ ಒಂದೂವರೆ ಕೆಜಿಗಿಂತ ಚಿಕ್ಕ ನಾಯಿ ಮನೆಯಲ್ಲಿದ್ದರೆ ಅದಕ್ಕೆ ಬೇಕಾದ ಜಾಗ್ರತೆ ಮಾಡಿ. ಸೋಫಾದಿಂದ ಜಿಗಿಯಲು ಬಿಡಬೇಡಿ. ಮುಂಗಾಲಿನ ಮೂಳೆ ಕಡ್ಡಿಯಷ್ಟು ಸಣ್ಣದು, ಕೆಳಭಾಗಕ್ಕೆ ರಕ್ತದ ಹರಿವೂ ಕಡಿಮೆ, ಮುರಿದರೆ ಕೂಡುವುದು ಕಷ್ಟ. ಒಂದು ಕೆಜಿ ನಾಯಿಯ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 80ರಿಂದ 90 ಮಿಲಿ ಅಷ್ಟೇ. ಯಾವುದೇ ಆಪರೇಷನ್‌ಗೆ ಮುಂಚೆ, ಅರಿವಳಿಕೆ ಕೊಡುವಾಗ ಮೈ ಬೆಚ್ಚಗಿಡುವ ವ್ಯವಸ್ಥೆ ಇದೆಯಾ ಅಂತ ಸಂಕೋಚ ಇಲ್ಲದೆ ಕೇಳಿ. ಹೆಣ್ಣಾಗಿದ್ದರೆ ಅದರಿಂದ ಮರಿ ಹಾಕಿಸುವ ಯೋಚನೆಯನ್ನೇ ಬಿಡಿ. ಅದರ ಸೊಂಟದ ಎಲುಬಿನ ನಡುವೆ ಮರಿಯ ತಲೆ ಹೊರಬರಲು ಜಾಗ ಸಾಲುವುದಿಲ್ಲ. ‘ಇಷ್ಟು ಚಿಕ್ಕ ತಾಯಿಯ ಮರಿಗೆ ಒಳ್ಳೆ ಬೆಲೆ ಸಿಗುತ್ತೆ, ನಾವೇ ಕೊಳ್ಳುತ್ತೇವೆ’ ಅಂತ ಯಾರಾದರೂ ಫೋನ್ ಮಾಡುತ್ತಾರೆ. ಆಗಲ್ಲ ಅಂತ ಹೇಳಿ ಫೋನ್ ಇಡಿ.